ಕ್ಯಾಟ್ಲಿಯಾದಲ್ಲಿ ಶೀತ್ (ಮೊಗ್ಗಿನ ಒರೆ) ಬಂದು ಹೂವೇ ಬರ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ಮೂರು ವರ್ಷದ ಹಿಂದೆ ಹೂ ಬಿಟ್ಟಿದ್ದ ಕ್ಯಾಟ್ಲಿಯಾ ಆರ್ಕಿಡ್ ಗಿಡ ತಂದೆ. ಆಮೇಲೆ ಒಂದು ಹೂ ಕೂಡ ಬಿಟ್ಟಿಲ್ಲ. ಹಾಲ್‌ನಲ್ಲಿ ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಟೇಬಲ್ ಮೇಲಿದೆ, ಪ್ಲಾಸ್ಟಿಕ್ ಕುಂಡ, ಎರಡು ದಿನಕ್ಕೊಮ್ಮೆ ನೀರು ಹಾಕ್ತೀನಿ. ಎಲೆ ಎಲ್ಲ ಕಡು ಹಸಿರಾಗಿ ಚೆನ್ನಾಗಿದೆ. ಹೊಸ ಬಲ್ಬ್ (ಎಲೆ ಕೆಳಗಿನ ದಪ್ಪ ಕಾಂಡ) ವರ್ಷಕ್ಕೊಂದು ಬರ್ತಾನೇ ಇದೆ, ಆದ್ರೆ ತಂದಾಗ ಇದ್ದ ಬಲ್ಬ್‌ಗಳಿಗಿಂತ ಗಿಡ್ಡ. ಹೋದ ವರ್ಷ ಎಲೆ ಬುಡದಲ್ಲಿ ಹಸಿರು ಶೀತ್ ಬಂತು, ತುಂಬ ಖುಷಿಯಾಯ್ತು, ಆದ್ರೆ ಎರಡು ತಿಂಗಳಲ್ಲಿ ಒಣಗಿ ಕಂದು ಬಣ್ಣ ಆಯ್ತು, ಕಿತ್ತು ನೋಡಿದ್ರೆ ಒಳಗೆ ಏನೂ ಇಲ್ಲ. ಬ್ಲೂಮ್ ಬೂಸ್ಟರ್ ಅಂತ ಗೊಬ್ಬರ ಕೂಡ ಹಾಕಿ ನೋಡಿದೆ. ಇನ್ನೇನ್ ಮಾಡ್ಲಿ?

ಉತ್ತರ: ನೀವು ಮಧ್ಯದಲ್ಲಿ ಒಂದು ಮಾತು ಹೇಳಿದ್ರಲ್ಲ, ಹೊಸ ಬಲ್ಬ್ ಹಳೇದಕ್ಕಿಂತ ಗಿಡ್ಡ ಅಂತ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಶೀತ್, ಗೊಬ್ಬರ ಎಲ್ಲ ಆಮೇಲಿನ ಮಾತು. ಈಗ ಒಂದು ಸ್ಕೇಲ್ ತಗೊಂಡು ಗಿಡದ ಹತ್ರ ಕೂತ್ಕೊಳ್ಳಿ, ತೀರ ಹಿಂದಿನ ಬಲ್ಬ್‌ನಿಂದ ಶುರು ಮಾಡಿ ಹೊಸದರ ತನಕ ಒಂದೊಂದರ ಎತ್ತರ ಅಳೆದು ಬರ್ಕೊಳ್ಳಿ. ಕ್ಯಾಟ್ಲಿಯಾ ತೆವಳೋ ಕಾಂಡದಿಂದ ಸಾಲಾಗಿ ಒಂದರ ಮುಂದೆ ಒಂದು ಬಲ್ಬ್ ಹಾಕ್ತಾ ಹೋಗೋ ಗಿಡ, ಹಾಗಾಗಿ ಆ ಸಾಲು ಅದರ ಡೈರಿ ಇದ್ದ ಹಾಗೆ, ಯಾವ ವರ್ಷ ಚೆನ್ನಾಗಿ ಊಟ ಸಿಕ್ತು ಯಾವ ವರ್ಷ ಉಪವಾಸ ಬಿತ್ತು ಅಂತ ಎಲ್ಲಾನೂ ಬರೆದಿರುತ್ತೆ. ಚೆನ್ನಾಗಿರೋ ಗಿಡದಲ್ಲಿ ಪ್ರತಿ ಹೊಸ ಬಲ್ಬ್ ಹಿಂದಿನದಕ್ಕೆ ಸಮ ಇರ್ಬೇಕು ಇಲ್ಲಾಂದ್ರೆ ಒಂದು ಬೆರಳು ಹೆಚ್ಚು ಎತ್ತರ ಇರ್ಬೇಕು. ನಿಮ್ಮದು ಇಳೀತಾ ಬಂದಿದೆ ಅಂದ್ರೆ ಮನೆಗೆ ಬಂದ ದಿನದಿಂದ ಗಿಡ ತನ್ನ ಹಳೇ ಗಂಟು ಕರಗಿಸಿ ತಿಂದ್ಕೊಂಡು ಬದುಕ್ತಿದೆ ಅಂತ ಅರ್ಥ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ, ಕ್ಯಾಟ್ಲಿಯಾದಲ್ಲಿ ಒಂದು ಬಲ್ಬ್ ಸಾಮಾನ್ಯವಾಗಿ ಒಂದೇ ಸಲ ಹೂ ಬಿಡೋದು, ಅದೂ ಬಲಿತ ಹೊಸ ಬಲ್ಬ್‌ನ ತುದಿಯಲ್ಲಿ, ಎಲೆ ಬುಡದಿಂದ. ಹಳೇ ಬಲ್ಬ್‌ಗಳು ಮತ್ತೆ ಹೂ ಬಿಡಲ್ಲ, ನೀರು ಆಹಾರ ಕೂಡಿಟ್ಕೊಂಡು ಹೊಸದನ್ನ ಸಾಕ್ತವೆ ಅಷ್ಟೇ. ಹಾಗಾಗಿ 'ಗಿಡಕ್ಕೆ ಹೂ ಬರ್ಸೋದು ಹೇಗೆ' ಅಂತ ಕೇಳೋ ಬದ್ಲು 'ಮುಂದಿನ ಬಲ್ಬ್‌ನ ದಪ್ಪ ಮಾಡೋದು ಹೇಗೆ' ಅಂತ ಕೇಳಿ. ಬಲ್ಬ್ ತುಂಬಿದ್ರೆ ಹೂ ತಾನಾಗೇ ಬರುತ್ತೆ, ತುಂಬದೇ ಇದ್ರೆ ಯಾವ ಬೂಸ್ಟರ್ ಹಾಕಿದ್ರೂ ಬರಲ್ಲ. ನಿಮ್ಮ ಶೀತ್ ಖಾಲಿ ಆಗಿದ್ದೂ ಬಹುಪಾಲು ಇದಕ್ಕೇ. ಶೀತ್ ಅಂದ್ರೆ ಮೊಗ್ಗಿನ ಒರೆ, ಕತ್ತಿಗೆ ಒರೆ ಇರುತ್ತಲ್ಲ ಹಾಗೆ. ಗಿಡ ಒರೆ ಮಾಡ್ತು, ಒಳಗೆ ಕತ್ತಿ ಮಾಡೋಕೆ ಶಕ್ತಿ ಸಾಲ್ಲಿಲ್ಲ.

ಶಕ್ತಿ ಯಾಕೆ ಸಾಲ್ಲಿಲ್ಲ? ನೀವು ಬರೆದಿರೋದ್ರಲ್ಲಿ ನನಗೆ ಎರಡು ಕಾರಣ ಕಾಣ್ತಿವೆ, ಬೆಳಕು ಮತ್ತು ಬೇರು.

ಬೆಳಕಿಂದು ಮೊದಲು. ಎಲೆ ಕಡು ಹಸಿರಾಗಿ ಚೆನ್ನಾಗಿದೆ ಅಂತ ಬರೆದಿದೀರಿ, ಬೇರೆ ಗಿಡಕ್ಕೆ ಅದು ಒಳ್ಳೇ ಲಕ್ಷಣ, ಕ್ಯಾಟ್ಲಿಯಾಗೆ ಅದು ಹಸಿವಿನ ಲಕ್ಷಣ. ಬೇಕಾದಷ್ಟು ಬೆಳಕು ಸಿಗೋ ಕ್ಯಾಟ್ಲಿಯಾ ಎಲೆ ತಿಳಿ ಹಸಿರು ಇರುತ್ತೆ, ಸ್ವಲ್ಪ ಹಳದಿ ಕಡೆ ವಾಲಿರುತ್ತೆ, ಕೆಲವು ಜಾತಿಯಲ್ಲಿ ಎಲೆ ಮೇಲೆ ಕೆಂಪು ಚುಕ್ಕಿ ಕೂಡ ಬರುತ್ತೆ, ನೋಡೋಕೆ ಅಷ್ಟೇನೂ ಚೆಂದ ಇರಲ್ಲ, ಆದ್ರೆ ಹೂ ಬಿಡೋದು ಅಂಥ ಗಿಡಾನೇ. ಜೊತೆಗೆ ಬಲ್ಬ್‌ಗಳು ಕೋಲು ಕಟ್ಟದೆ ತಾವಾಗೇ ನೆಟ್ಟಗೆ ಗಟ್ಟಿಯಾಗಿ ನಿಂತಿರ್ಬೇಕು, ನಿಮ್ಮದು ತೂಗಾಡ್ತಾ ಕಿಟಕಿ ಕಡೆ ವಾಲಿದ್ರೆ ಅದೂ ಬೆಳಕು ಸಾಲ್ದೇ ಇರೋದ್ರ ಗುರುತು. ಲೆಕ್ಕದಲ್ಲಿ ಹೇಳ್ಬೇಕು ಅಂದ್ರೆ ಇದಕ್ಕೆ ಸುಮಾರು 20,000ದಿಂದ 30,000 ಲಕ್ಸ್ ಬೆಳಕು ಬೇಕು. ಮಧ್ಯಾಹ್ನದ ಬಯಲು ಬಿಸಿಲು 1 ಲಕ್ಷ ಲಕ್ಸ್ ಇರುತ್ತೆ, ಅದರ ಕಾಲು ಭಾಗ ಅಂತ ಇಟ್ಕೊಳ್ಳಿ. ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಬಂದ್ರೆ ಇದರ ಹತ್ರಾನೂ ಇರಲ್ಲ, ಸಾವಿರದ ಆಸುಪಾಸು ಇದ್ರೆ ದೊಡ್ಡದು. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಹೊಂದ್ಕೊಂಡು ಬಿಡುತ್ತೆ, ಅದಕ್ಕೇ ರೂಮ್ ಬೆಳಕಾಗೇ ಇದೆ ಅನ್ಸುತ್ತೆ, ಗಿಡಕ್ಕೆ ಮಾತ್ರ ಅದು ಮುಸ್ಸಂಜೆ.

ಮೀಟರ್ ಇಲ್ಲದೇ ನೋಡೋಕೆ ಸುಲಭದ ದಾರಿ ಇದೆ. ಬಿಸಿಲು ಇರೋ ದಿನ ಮಧ್ಯಾಹ್ನ ಎಲೆಯಿಂದ ಒಂದು ಅಡಿ ಮೇಲೆ ಕೈ ಹಿಡೀರಿ. ನೆರಳೇ ಬೀಳ್ಲಿಲ್ಲ ಅಂದ್ರೆ ಬೆಳಕು ಸಾಲ್ದು, ಬೆರಳು ಬೆರಳು ಎಣಿಸೋ ಹಾಗೆ ಕಪ್ಪು ನೆರಳು ಬಿದ್ರೆ ಜಾಸ್ತಿ, ಕೈ ಆಕಾರ ಗೊತ್ತಾಗ್ತಾ ಅಂಚು ಮಸುಕಾಗಿದ್ರೆ ಅದೇ ಸರಿಯಾದ ಜಾಗ. ಬೆಳಗಿನ ಎರಡು ಮೂರು ಗಂಟೆ ಎಳೆ ಬಿಸಿಲು ನೇರ ಬೀಳೋ ಪೂರ್ವದ ಕಿಟಕಿ ಸಿಕ್ಕಿದ್ರೆ ಗಾಜಿಗೆ ಹತ್ತಿರ ಇಡಿ, ಇಲ್ಲಾಂದ್ರೆ ಬಾಲ್ಕನಿಯಲ್ಲಿ ಅರ್ಧ ನೆರಳಿನ ಬಲೆ ಕೆಳಗೆ. ಆದ್ರೆ ಇವತ್ತು ಓದಿ ನಾಳೆನೇ ಒಯ್ದು ಬಿಸಿಲಲ್ಲಿ ಇಡ್ಬೇಡಿ ದಯವಿಟ್ಟು. ಮೂರು ವರ್ಷ ನೆರಳಲ್ಲಿದ್ದ ಎಲೆ ಒಂದೇ ಮಧ್ಯಾಹ್ನಕ್ಕೆ ಸುಟ್ಟು ಬಿಳಿ ಕಲೆ ಬೀಳುತ್ತೆ, ಆಮೇಲೆ ಅದು ಕಪ್ಪಾಗಿ ಒಣಗುತ್ತೆ, ಆ ಎಲೆ ಮತ್ತೆ ಸರಿ ಹೋಗಲ್ಲ. ಮೂರು ನಾಲ್ಕು ವಾರ ತಗೊಂಡು ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸಿ, ಮಧ್ಯಾಹ್ನ ಎಲೆ ಮುಟ್ಟಿ ನೋಡ್ತಾ ಇರಿ, ಸುತ್ತಲ ಗಾಳಿಗಿಂತ ಎಲೆ ಬಿಸಿ ಅನ್ಸಿದ್ರೆ ಒಂದು ಹೆಜ್ಜೆ ಹಿಂದೆ ತನ್ನಿ ಇಲ್ಲಾ ಗಾಳಿ ಆಡೋ ಹಾಗೆ ಮಾಡಿ.

ಇನ್ನು ಬೇರು, ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಮನೆಗಳಲ್ಲಿ ಕ್ಯಾಟ್ಲಿಯಾ ಸಾಯೋದು ಬಿಸಿಲಿಗಿಂತ ನೀರಿಂದಾನೇ ಹೆಚ್ಚು. ಇವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆ ಮೇಲೆ, ಕೆಲವು ಬಂಡೆ ಮೇಲೆ ಬೆಳೆಯೋ ಗಿಡಗಳು. ಬಂದಳಿಕೆ ಥರ ಮರದ ರಸ ಹೀರಲ್ಲ, ಸುಮ್ನೆ ತೊಗಟೆ ಹಿಡ್ಕೊಂಡಿರ್ತವೆ. ಮಳೆ ಬಂದ್ರೆ ತೊಪ್ಪೆ ಆಗ್ತವೆ, ಗಾಳಿ ಬೀಸಿದ್ರೆ ಗಂಟೆಗಳಲ್ಲಿ ಒಣಗ್ತವೆ. ಅದಕ್ಕೆ ತಕ್ಕ ಹಾಗೆ ಬೇರಿನ ಮೇಲೆ ಬಿಳಿ ಸ್ಪಂಜಿನಂಥ ಪದರ ಇರುತ್ತೆ, ವೆಲಾಮೆನ್ ಅಂತಾರೆ. ಒಂದು ಸಲ ಬೆಳಿಗ್ಗೆ ನೀರು ಹಾಕುವಾಗ ಕುಂಡದ ಹೊರಗೆ ಬಂದಿರೋ ಬೇರನ್ನೇ ನೋಡ್ತಾ ಇರಿ, ಒಣಗಿದಾಗ ಬೆಳ್ಳಿ ಬಿಳುಪು ಇರುತ್ತೆ, ನೀರು ತಾಗಿದ ತಕ್ಷಣ ನಿಮ್ಮ ಕಣ್ಣೆದುರೇ ಬೂದು ಹಸಿರಾಗುತ್ತೆ, ಆ ಪದರ ನೀರು ಕುಡಿದು ಪಾರದರ್ಶಕ ಆಗಿ ಒಳಗಿನ ಹಸಿರು ಕಾಣೋದು ಅದು. ಈ ಸ್ಪಂಜಿಗೆ ನೀರು ಎಷ್ಟು ಬೇಕೋ ಗಾಳಿನೂ ಅಷ್ಟೇ ಬೇಕು. ಎರಡು ದಿನಕ್ಕೊಮ್ಮೆ ನೀರು ಬಿದ್ದು ಪ್ಲಾಸ್ಟಿಕ್ ಕುಂಡದ ಹೊಟ್ಟೆ ಯಾವಾಗ್ಲೂ ಒದ್ದೆ ಇದ್ರೆ ಬೇರು ಉಸಿರು ಕಟ್ಟಿ ಕೊಳೆಯುತ್ತೆ. ಆಮೇಲೆ ಬಲ್ಬ್ ಸುಕ್ಕುಗಟ್ಟುತ್ತೆ, ನೋಡಿದವರು ನೀರು ಸಾಲ್ದು ಅಂತ ಇನ್ನೂ ಹಾಕ್ತಾರೆ, ಕುಡಿಯೋಕೆ ಬೇರೇ ಇಲ್ಲ ಪಾಪ.

ನಿಮ್ಮ ಗಿಡದ್ದು ಹೇಗಿದೆ ಅಂತ ನೋಡೋಕೆ ಒಂದು ಬೇರನ್ನ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೀರಿ. ಜೀವ ಇರೋ ಬೇರು ಗಟ್ಟಿ ಇರುತ್ತೆ. ಸತ್ತಿದ್ರೆ ಮೇಲಿನ ಪದರ ಕಾಲುಚೀಲ ಕಳಚಿದ ಹಾಗೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತೆ. ಅರ್ಧಕ್ಕಿಂತ ಹೆಚ್ಚು ಬೇರು ಹೀಗಾಗಿದ್ರೆ ಕುಂಡ ಬದಲಾಯಿಸ್ಲೇಬೇಕು, ಆದ್ರೆ ಯಾವಾಗ ಅನ್ನೋದು ಮುಖ್ಯ. ಹೊಸ ಚಿಗುರಿನ ಬುಡದಲ್ಲಿ ಹೊಸ ಬೇರಿನ ಮೊಳಕೆ, ಮೊಡವೆ ಥರ ಉಬ್ಬಿ ಹಸಿರು ಇಲ್ಲಾ ಕೆಂಪು ತುದಿ ಹೊರಗೆ ಇಣುಕ್ತಾ ಇರುವಾಗ, ಒಂದು ಸೆಂಟಿಮೀಟರ್ ದಾಟೋ ಮುಂಚೆ. ಆ ಎರಡು ವಾರ ತಪ್ಪಿಸ್ಬೇಡಿ. ಆಗ ಬದಲಾಯಿಸಿದ್ರೆ ಬರೋ ಬೇರೆಲ್ಲ ಹೊಸ ಮೀಡಿಯಾಗೇ, ಅಂದ್ರೆ ಕುಂಡದಲ್ಲಿ ತುಂಬೋ ಚೂರುಗಳಿಗೇ, ಹೋಗಿ ಕೂರುತ್ತೆ. ನಾನು ಮೊದಲ ವರ್ಷಗಳಲ್ಲಿ ಎರಡೆಲೆ ಜಾತಿಯ, ಅಂದ್ರೆ ಒಂದು ಬಲ್ಬ್ ತುದಿಗೆ ಎರಡೆಲೆ ಬಿಡೋ, ಅಮೆಥಿಸ್ಟೊಗ್ಲೊಸ್ಸಾ ಗಿಡವನ್ನ ಬಿಡುವಿದ್ದ ದಿನ ಅಂತ ಬೇರು ಬರೋ ಕಾಲ ನೋಡ್ದೇ ಬದಲಾಯಿಸಿದ್ದೆ, ಮೂರು ವರ್ಷ ಅದು ಸುಧಾರಿಸ್ಕೊಳ್ಲಿಲ್ಲ, ಎದೆ ಎತ್ತರದ ಗಿಡ ಮೊಣಕಾಲಿಗೆ ಬಂತು. ಒಂದೆಲೆ ಜಾತಿಗಳು ಸ್ವಲ್ಪ ಕ್ಷಮಿಸ್ತವೆ, ಎರಡೆಲೆಯವು ಕ್ಷಮಿಸೋದೇ ಇಲ್ಲ.

ಕುಂಡ ಮಣ್ಣಿಂದು ತಗೊಳ್ಳಿ, ಅಡಿಗೂ ಪಕ್ಕಕ್ಕೂ ತೂತು ಇರೋದು, ಗಿಡಕ್ಕೆ ಇನ್ನೆರಡು ಬಲ್ಬ್ ಬರೋಷ್ಟು ಜಾಗ ಇದ್ರೆ ಸಾಕು, ಅದಕ್ಕಿಂತ ದೊಡ್ಡದು ಬೇಡ, ದೊಡ್ಡ ಕುಂಡ ನಿಧಾನ ಒಣಗುತ್ತೆ. ಹಳೇ ಬಲ್ಬ್‌ಗಳ ಹಿಂಭಾಗ ಕುಂಡದ ಅಂಚಿಗೆ ಒತ್ತಿ, ಚಿಗುರು ಖಾಲಿ ಕಡೆ ಮುಖ ಮಾಡಿರ್ಬೇಕು. ಒಳಗೆ ಪೈನ್ ತೊಗಟೆ ಚೂರು, ಇದ್ದಿಲು, ಇಟ್ಟಿಗೆ ಚೂರು, ಯಾವುದಾದ್ರೂ ಸರಿ, ಹೆಬ್ಬೆರಳ ಉಗುರಿನಷ್ಟು ದಪ್ಪ ಇರ್ಲಿ, ಮಣ್ಣು ಮಾತ್ರ ಒಂದು ಚಮಚಾನೂ ಬೇಡ. ತೆವಳೋ ಕಾಂಡ ಮೀಡಿಯಾ ಮೇಲೆ ಕೂರ್ಬೇಕು, ಹೂತು ಹೋದ್ರೆ ಕೊಳೆಯುತ್ತೆ. ಗಿಡ ಅಲ್ಲಾಡದ ಹಾಗೆ ಕೋಲಿಗೆ ಕಟ್ಟಿ, ಇದನ್ನ ತುಂಬ ಜನ ಬಿಟ್ಬಿಡ್ತಾರೆ, ಅಲ್ಲಾಡೋ ಗಿಡದ ಎಳೇ ಬೇರಿನ ತುದಿ ಉಜ್ಜಿ ಉಜ್ಜಿ ಸಾಯುತ್ತೆ. ಪಾಲು ಮಾಡೋ ಆಸೆ ಇದ್ರೆ ಒಂದೊಂದಕ್ಕೂ ಕನಿಷ್ಠ ಮೂರು ನಾಲ್ಕು ಬಲ್ಬ್ ಇರ್ಲೇಬೇಕು, ನಿಮ್ಮ ಗಿಡ ಈಗಿರೋ ಸ್ಥಿತಿಯಲ್ಲಿ ಪಾಲು ಮಾಡೋ ಮಾತೇ ಬೇಡ. ಕತ್ತರಿ, ಬ್ಲೇಡ್ ಏನೇ ಬಳಸಿದ್ರೂ ಮೊದಲು ಬೆಂಕಿಯಲ್ಲಿ ಕಾಯಿಸಿ, ಯಾಕಂದ್ರೆ ಆರ್ಕಿಡ್ ವೈರಸ್‌ಗಳು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗೋದು ಹೆಚ್ಚಾಗಿ ನಮ್ಮ ಕತ್ತರಿ ಮೂಲಕಾನೇ, ಮತ್ತೆ ಅದಕ್ಕೆ ಔಷಧಿ ಇಲ್ಲ.

ಇನ್ಮೇಲೆ ನೀರು ಕ್ಯಾಲೆಂಡರ್ ನೋಡಿ ಹಾಕ್ಬೇಡಿ, ಕುಂಡ ಎತ್ತಿ ನೋಡಿ ಹಾಕಿ. ನೀರು ಹಾಕಿದ ತಕ್ಷಣ ಒಂದ್ಸಲ ಎತ್ತಿ, ಭಾರ ಕೈಗೆ ನೆನಪಿರ್ಲಿ, ಆಮೇಲೆ ದಿನಾ ಎತ್ತಿ, ಹಗುರ ಆಯ್ತು ಅನ್ಸಿದ ಮೇಲೂ ಇನ್ನೊಂದು ದಿನ ಬಿಟ್ಟು ಹಾಕಿ. ಹಾಕುವಾಗ ಮಾತ್ರ ಜಿಪುಣತನ ಬೇಡ, ಬೆಳಿಗ್ಗೆ ಹೊತ್ತು ಕುಂಡದ ತೂತಿಂದ ಧಾರೆಯಾಗಿ ಹೊರಗೆ ಬರೋ ತನಕ ಹಾಕಿ. ಚಿಗುರು ಬೆಳೀತಿರೋವಾಗ ಬೇಗ ಬೇಗ ಬೇಕಾಗುತ್ತೆ, ಬಲ್ಬ್ ಬಲಿತು ಗಿಡ ಸುಮ್ನೆ ಕೂತಾಗ ಅಂತರ ಜಾಸ್ತಿ ಮಾಡಿ. ಎಳೇ ಚಿಗುರಿನ ಎಲೆ ಬಟ್ಟಲಿನ ಹಾಗೆ ಇರುತ್ತಲ್ಲ, ಅದರಲ್ಲಿ ರಾತ್ರಿ ನೀರು ನಿಲ್ಲೋಕೆ ಬಿಡ್ಬೇಡಿ, ಬುಡ ಕಪ್ಪಾಗಿ ಕೊಳೆತು ಎರಡೇ ದಿನದಲ್ಲಿ ಚಿಗುರು ಕೈಗೆ ಬರುತ್ತೆ. ಹಾಗೇನಾದ್ರೂ ಕಪ್ಪು ಕಂಡ್ರೆ ಕಾಯ್ಬೇಡಿ, ಆರೋಗ್ಯವಾಗಿರೋ ಬಿಳಿ ಭಾಗ ಸಿಗೋ ತನಕ ಕತ್ತರಿಸಿ ತೆಗೀರಿ, ಒಂದು ವಾರ ಒಣಗಿಸಿಡಿ.

ಗೊಬ್ಬರದ ವಿಷಯ ಬೇಗ ಮುಗಿಸ್ತೀನಿ. ಬ್ಲೂಮ್ ಬೂಸ್ಟರ್ ನಿಲ್ಸಿ. ರಂಜಕ (ಫಾಸ್ಫರಸ್) ಜಾಸ್ತಿ ಕೊಟ್ರೆ ಹೂ ಬರುತ್ತೆ ಅನ್ನೋದು ಹಳೇ ನಂಬಿಕೆ, ಆರ್ಕಿಡ್‌ಗೆ ಬೇಕಾಗೋ ರಂಜಕ ತುಂಬ ಕಮ್ಮಿ, ಉಳಿದದ್ದು ಉಪ್ಪಾಗಿ ಬೇರಿನ ಮೇಲೆ ಕೂರುತ್ತೆ. 20-20-20 ಥರದ, ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರೋ ಸಾಧಾರಣ ಗೊಬ್ಬರಾನೇ ಪ್ಯಾಕೆಟ್ ಮೇಲೆ ಬರೆದಿರೋದ್ರ ಕಾಲು ಭಾಗ ಕರಗಿಸಿ, ಚಿಗುರು ಮತ್ತು ಬೇರು ಓಡ್ತಿರೋ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಕೊಡಿ, ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳೀರಿ. ಬೇರು ಇಲ್ಲದ ಗಿಡಕ್ಕೆ ಗೊಬ್ಬರಾನೇ ಬೇಡ.

ಈಗ ಹೂವಿನ ಕಾಲದ ಮಾತು. ಗಿಡದ ಹೆಸರಿನ ಚೀಟಿ ಇದ್ರೆ ಹುಡುಕಿ ತೆಗೀರಿ, ಅದರಿಂದ ತುಂಬ ಗೊತ್ತಾಗುತ್ತೆ. ಹಳೇ ಚೀಟಿಯಲ್ಲಿ ಬಿಎಲ್‌ಸಿ ಅಂತಿದ್ರೆ (ಕ್ಯಾಟ್ಲಿಯಾವನ್ನ ಬಂಧು ಕುಲಗಳ ಜೊತೆ ಬೆರೆಸಿದ ಹೈಬ್ರಿಡ್‌ನ ಚಿಕ್ಕ ಹೆಸರು ಅದು) ಈಗ ಅದನ್ನೇ ಆರ್‌ಎಲ್‌ಸಿ ಅಂತ ಬರೀತಾರೆ, ಗಾಬರಿ ಬೇಡ, ಆ ಬಂಧುಗಳ ಹೆಸರು ಬದಲಾಗಿದೆ, ಗಿಡ ಅದೇ. ಯಾವ ಜಾತಿ ಅನ್ನೋದ್ರ ಮೇಲೆ ಶೀತ್ ಆಟ ಬೇರೆ ಬೇರೆ. ವಾರ್ಸ್ಸೆವಿಚಿ, ಡೌಯಾನಾ ಇವೆಲ್ಲ ಬಲ್ಬ್ ಬಲಿಯೋದಕ್ಕೂ ಮೊಗ್ಗು ಬರೋದಕ್ಕೂ ಅಂತರಾನೇ ಕೊಡಲ್ಲ. ಮೊಸ್ಸಿಯೇ, ಅದು ವೆನೆಜುವೆಲಾದ ರಾಷ್ಟ್ರೀಯ ಹೂ, ಶೀತ್ ಮಾಡಿ ತಿಂಗಳುಗಟ್ಟಲೆ ಸುಮ್ನೆ ಕೂತು ಚಳಿ ಕಳೆದ ಮೇಲೆ ವಸಂತದಲ್ಲಿ ಹೂ ಬಿಡುತ್ತೆ, ಅಷ್ಟೊತ್ತಿಗೆ ಶೀತ್ ಎಷ್ಟೋ ಸಲ ಒಣಗಿ ಕಂದಾಗಿರುತ್ತೆ, ಆ ಒಣಗಿದ ಒರೆ ಒಳಗಿಂದಾನೇ ಮೊಗ್ಗು ಎದ್ದು ಬರುತ್ತೆ. ವಾಕೆರಿಯಾನಾಗೆ ಶೀತೇ ಇರಲ್ಲ. ಹಾಗಾಗಿ ಶೀತ್ ಒಣಗಿದ ಕೂಡ್ಲೇ ಕಿತ್ತು ನೋಡೋ ಅಭ್ಯಾಸ ಬಿಡಿ, ನೀವು ಕಿತ್ತಿದ್ದು ನಿಜವಾಗ್ಲೂ ಖಾಲಿನೋ, ಇನ್ನೂ ಕಾಲ ಬಂದಿರ್ಲಿಲ್ವೋ ಅನ್ನೋ ಸಣ್ಣ ಅನುಮಾನ ನನಗಿದೆ. ಕೀಳೋ ಬದ್ಲು ರಾತ್ರಿ ಲೈಟ್ ಆರಿಸಿ ಶೀತ್ ಹಿಂದೆ ಟಾರ್ಚ್ ಹಿಡೀರಿ. ಒಣಗಿದ್ರೂ ಹಸಿರಿದ್ರೂ ಬೆಳಕು ಒಳಗೆ ದಾಟುತ್ತೆ, ತಳದಲ್ಲಿ ಅಕ್ಕಿ ಕಾಳಿನಷ್ಟು ಕಪ್ಪು ನೆರಳು ಕಂಡ್ರೆ ಅದೇ ಮೊಗ್ಗು. ವಾರಕ್ಕೊಮ್ಮೆ ನೋಡಿ, ಕಾಳು ಮೇಲಕ್ಕೆ ಏರ್ತಾ ಬರೋದು ಕಾಣುತ್ತೆ, ನನಗೆ ಅರಳಿದ ಹೂ ನೋಡೋದಕ್ಕಿಂತ ಇದೇ ಹೆಚ್ಚು ಇಷ್ಟ. ಶೀತ್ ಒಳಗೆ ನೀರ ಹನಿ ಕಂಡ್ರೆ ಮಾತ್ರ ತುದಿಯನ್ನ ಒಂದು ಸೆಂಟಿಮೀಟರ್ ಕತ್ತರಿಸಿ ಗಾಳಿ ಬಿಡಿ, ಇಲ್ಲಾಂದ್ರೆ ಮೊಗ್ಗು ಒಳಗೇ ಕೊಳೆಯುತ್ತೆ.

ರಾತ್ರಿ ಲೈಟ್ ಅಂದಾಗ ನೆನಪಾಯ್ತು, ನಿಮ್ಮ ಗಿಡ ಹಾಲ್‌ನಲ್ಲಿದೆ ಅಂದ್ರಿ, ಅಲ್ಲಿ ರಾತ್ರಿ ಹನ್ನೊಂದು ಹನ್ನೆರಡರ ತನಕ ಲೈಟ್ ಉರೀತಿರುತ್ತಾ? ಕ್ಯಾಟ್ಲಿಯಾದಲ್ಲಿ ಲೇಬಿಯಾಟಾ ಮತ್ತೆ ಟ್ರಿಯಾನಿಯೇ ಥರದ ಎಷ್ಟೋ ಜಾತಿಗಳು ಹಗಲು ಕಡಿಮೆಯಾಗಿ ರಾತ್ರಿ ಉದ್ದ ಆಯ್ತು ಅಂತ ಗೊತ್ತಾದ ಮೇಲೇ ಮೊಗ್ಗು ಮಾಡೋದು. ಇವತ್ತು ಮನೆಗಳಲ್ಲಿರೋ ದೊಡ್ಡ ಹೂವಿನ ಹೈಬ್ರಿಡ್‌ಗಳಲ್ಲಿ ಅವುಗಳ ರಕ್ತ ಧಾರಾಳವಾಗಿದೆ. ರೂಮಿನ ಲೈಟು ಊಟ ಕೊಡೋಷ್ಟು ಇರಲ್ಲ, ಆದ್ರೆ ಇನ್ನೂ ಹಗಲೇ ಇದೆ ಅಂತ ನಂಬಿಸೋಷ್ಟು ಇರುತ್ತೆ, ಗಿಡ ಬೇಸಿಗೆ ಅಂದ್ಕೊಂಡೇ ಇರುತ್ತೆ. ಹಾಗಾಗಿ ಹಗಲು ಚಿಕ್ಕದಾಗೋಕೆ ಶುರುವಾದ ಮೇಲೆ ಗಿಡಕ್ಕೆ ಸೂರ್ಯ ಮುಳುಗಿದ್ರೆ ಕತ್ತಲೇ ಅನ್ನೋ ಹಾಗೆ ಮಾಡಿ, ಮಲಗೋ ರೂಮೋ ಬಾಲ್ಕನಿಯೋ, ಲೈಟ್ ಬೀಳದ ಜಾಗ. ಗ್ರೋ ಲೈಟ್ ಬಳಸೋರಿಗೂ ಇದೇ ಮಾತು, ಬೆಳೆಯೋ ಕಾಲದಲ್ಲಿ 13-14 ಗಂಟೆ ಕೊಡಿ, ಆಮೇಲೆ ನಿಧಾನಕ್ಕೆ 10-11 ಗಂಟೆಗೆ ಇಳಿಸಿ.

ಜೊತೆಗೆ ರಾತ್ರಿ ತಂಪೂ ಬೇಕು. ಹಗಲು 21ರಿಂದ 29 ಡಿಗ್ರಿ, ರಾತ್ರಿ ಅದಕ್ಕಿಂತ 5-8 ಡಿಗ್ರಿ ಕಮ್ಮಿ, 13-16 ಡಿಗ್ರಿ ತನಕ ಹೋದ್ರೂ ದೊಡ್ಡ ಗಿಡಕ್ಕೆ ತೊಂದ್ರೆ ಇಲ್ಲ. ಈ ಗಿಡ ಹಗಲು ಎಲೆಯ ರಂಧ್ರ ಮುಚ್ಕೊಂಡು ನೀರು ಉಳಿಸುತ್ತೆ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಂಡು ಕೂಡಿಟ್ಟು ಮಾರನೇ ದಿನ ಬಿಸಿಲಲ್ಲಿ ಅಡಿಗೆ ಮಾಡ್ಕೊಳ್ಳುತ್ತೆ. ರಾತ್ರಿ ಬಿಸಿಯಾಗಿದ್ರೆ ಹಗಲು ದುಡಿದದ್ದೆಲ್ಲ ಉಸಿರಾಟಕ್ಕೇ ಖರ್ಚಾಗಿ ಹೋಗುತ್ತೆ, ಬಲ್ಬ್‌ಗೆ ಉಳಿಯಲ್ಲ. ರಾತ್ರಿ ಕಿಟಕಿ ತೆರೆದಿಟ್ರೇ ಎಷ್ಟೋ ವ್ಯತ್ಯಾಸ ಆಗುತ್ತೆ.

ಹುಳದ ಮೇಲೂ ಒಂದು ಕಣ್ಣಿರ್ಲಿ. ಬಲ್ಬ್ ಮೇಲಿನ ಒಣ ಸಿಪ್ಪೆ ಅಡಿ, ಎಲೆ ಸಂದು, ಎಲೆ ಕೆಳಗೆ, ಈ ಮೂರು ಕಡೆ ಬಿಳಿ ಹಿಟ್ಟಿನ ಥರ ಕಂಡ್ರೆ ಹಿಟ್ಟು ತಿಗಣೆ ಇಲ್ಲಾ ಸ್ಕೇಲ್ ಅನ್ನೋ ಚಿಪ್ಪಿನ ಹುಳ. ಇರುವೆ ಗಿಡದ ಮೇಲೆ ಓಡಾಡ್ತಿದ್ರೆ ಅದರ ಹಿಂದೇನೇ ಹುಡುಕಿ. ಶುರುವಲ್ಲಿ ಹಳೇ ಟೂತ್‌ಬ್ರಷ್ ಇಲ್ಲಾ ಹತ್ತಿಗೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದ್ರೆ ಹೋಗುತ್ತೆ, ಹತ್ತು ದಿನಕ್ಕೆ ಮತ್ತೆ, ಇನ್ನೊಂದು ಹತ್ತು ದಿನಕ್ಕೆ ಮತ್ತೆ, ಯಾಕಂದ್ರೆ ಮೊಟ್ಟೆ ಉಳಿದಿರುತ್ತೆ. ಬೇರಿನ ತುದಿ ಯಾರೋ ಕಚ್ಚಿದ ಹಾಗೆ ಮೊಂಡಾಗಿದ್ರೆ ಬಸವನಹುಳು, ರಾತ್ರಿ ಟಾರ್ಚ್ ಹಾಕಿ ಹುಡುಕಿ ತೆಗೆಯೋದೇ ದಾರಿ.

ಮೊಗ್ಗು ಶೀತ್ ದಾಟಿ ಹೊರಗೆ ಬಂದ ಮೇಲೆ ಗಿಡ ತಿರುಗಿಸ್ಬೇಡಿ. ಮೊಗ್ಗು ಅರಳೋ ಮುಂಚೆ ತುಟಿ (ಉಳಿದವಕ್ಕಿಂತ ಬೇರೆಯಾಗಿ ಕಾಣೋ ದಳ) ಕೆಳಗೆ ಬರೋ ಹಾಗೆ ತನ್ನ ತೊಟ್ಟನ್ನೇ ತಿರುಚ್ಕೊಳ್ಳುತ್ತೆ, ಬೆಳಕಿನ ದಿಕ್ಕು ಬದಲಾದ್ರೆ ಹೂ ವಕ್ರ ಕೂರುತ್ತೆ. ಹಣ್ಣಿನ ಬುಟ್ಟಿ ಪಕ್ಕ ಅಂತೂ ಇಡ್ಲೇಬೇಡಿ, ಮಾಗೋ ಹಣ್ಣಿಂದ ಬರೋ ಎಥಿಲೀನ್ ಗ್ಯಾಸ್‌ಗೆ ಮೊಗ್ಗು ಹಳದಿಯಾಗಿ ಉದುರುತ್ತೆ. ಅರಳಿದ ದಿನವೇ ಬಣ್ಣ ಸಪ್ಪೆ ಅಂತ ಬೇಜಾರಾಗ್ಬೇಡಿ, ಹೂ ಪೂರ್ತಿ ಅಗಲ ಆಗಿ ಬಣ್ಣ ಕಟ್ಟೋಕೆ ಎರಡು ಮೂರು ದಿನ ಬೇಕು, ಪರಿಮಳ ಇರೋ ಜಾತಿಯಾದ್ರೆ ಬೆಳಿಗ್ಗೆ ಬಿಸಿಲೇರುವಾಗ ಹತ್ತಿರ ಹೋಗಿ ನೋಡಿ. ಎರಡು ಮೂರು ವಾರ ನಿಲ್ಲುತ್ತೆ.

ನಿಮ್ಮ ಗಿಡಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂದ್ರೆ, ಈಗಿಂದ ಬೆಳಕು ಹತ್ತಿರ ಮಾಡಿ, ನೀರಿನ ಅಂತರ ಹೆಚ್ಚಿಸಿ, ಬೇರು ಇಣುಕಿದಾಗ ಕುಂಡ ಬದಲಾಯಿಸಿದ್ರೆ, ಮುಂದಿನ ಬಲ್ಬ್ ಈಗಿನದಕ್ಕಿಂತ ಎತ್ತರ ಬರ್ಬೇಕು, ಅದು ಹೂ ಬಿಟ್ರೆ ಸಂತೋಷ, ಬಿಡ್ದಿದ್ರೂ ನಿರಾಸೆ ಬೇಡ, ಆ ವರ್ಷ ಅದು ಬೇರು ಕಟ್ಟೋಕೆ ಖರ್ಚು ಮಾಡಿರುತ್ತೆ. ಅದರ ಮುಂದಿನ ಬಲ್ಬ್ ಮೇಲೆ ನನಗೆ ಪೂರ್ತಿ ಭರವಸೆ ಇದೆ. ಬರೆದಿಟ್ಟ ಅಳತೆ ಚೀಟಿ ಕುಂಡದ ಹತ್ರಾನೇ ಇರ್ಲಿ, ನೀವು ತಂದಾಗ ಹೂ ಬಿಟ್ಟಿದ್ದ ಬಲ್ಬ್ ಯಾವುದು ಅಂತ ಅದರಲ್ಲಿ ಗುರುತು ಹಾಕಿ, ಅದರ ತುದಿಯಲ್ಲಿ ಹಳೇ ಹೂಕಾಂಡದ ಮೋಟು ಇನ್ನೂ ಇರುತ್ತೆ. ಹೊಸ ಬಲ್ಬ್ ಆ ಎತ್ತರ ಮುಟ್ಟಿದ ವರ್ಷ ಟಾರ್ಚ್ ತಗೊಂಡು ಶೀತ್ ತಳ ನೋಡೋಕೆ ಶುರು ಮಾಡಿ.